ಗೊಂಬೆ ಶೆಟ್ಟಿಯ ಮೆಣಸು

ಏಣಿ ಜಾರಬಹುದಿತ್ತು. ಅಟ್ಟದಿಂದ ಇಳಿಸುವಾಗ ರಟ್ಟಿನ ಪೆಟ್ಟಿಗೆಯ ತಳ ಕಿತ್ತುಬಂದು ಅಮ್ಮನ ಗೊಂಬೆಗಳೆಲ್ಲ ಒಂದೇ ಏಟಿಗೆ ನೆಲ ಸೇರಬಹುದಿತ್ತು. ಪೆಟ್ಟಿಗೆಯೊಳಗೆ ಇಲಿ ಸಂಸಾರ ಹೂಡಿರಬಹುದಿತ್ತು. ಕಾಗದದ ಹಿಟ್ಟಿಗೆ ಮೆಂತ್ಯ ಬೆರೆಸಿ ಮಾಡಿದ ಗೊಂಬೆ ನಮಗೆ ಗೊಂಬೆ, ಇಲಿಗೆ ಊಟ. ಪಟ್ಟದ ರಾಣಿಯ ಮೂಗು ಮುರಿದಿರಬಹುದಿತ್ತು. ಸೀರಿಯಲ್ ದೀಪದ ವೈರು ಬಿಸಿಯಾಗಿ ಹೊಗೆ ಬಂದು, ಹೊಗೆಯ ಹಿಂದೆ ಬೆಂಕಿ ಬಂದು, ಬೆಂಕಿಯ ಹಿಂದೆ ಬರಬೇಕಾದ ಗಾಡಿ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲೇ ನಿಂತುಬಿಡಬಹುದಿತ್ತು. ಕಡಲೆಕಾಳಿನ ಉಸಲಿಗೆ ಉಪ್ಪು ಎರಡು ಸಲ ಬೀಳಬಹುದಿತ್ತು. ಮಕ್ಕಳು ಬರದೇ ಇರಬಹುದಿತ್ತು. ಬಂದವರು ‘ಅಜ್ಜಿ ಇದ್ದಾಗ ಚೆನ್ನಾಗಿರ್ತಿತ್ತು’ ಎಂದು ಮುಖದ ಮೇಲೆ ಹೇಳಿ ಹೋಗಬಹುದಿತ್ತು. ನನ್ನ ಮಗಳು ಅಳಬಹುದಿತ್ತು. ನಾನೇ ಅತ್ತುಬಿಡಬಹುದಿತ್ತು, ಇದೊಂದನ್ನು ಮಾತ್ರ ನಾನು ಹೆಂಡತಿಗೂ ಹೇಳಿರಲಿಲ್ಲ.

ಮಿಕ್ಕದ್ದನ್ನೆಲ್ಲ ಹೇಳಿದ್ದೆ. ಮಹಾಲಯ ಅಮಾವಾಸ್ಯೆಗೆ ಇನ್ನೂ ವಾರವಿರುವಾಗಿನಿಂದಲೇ ಬೆಳಗಿನ ಕಾಫಿಗೊಂದು, ಸಂಜೆಯ ಕಾಫಿಗೊಂದು ಎಂಬಂತೆ ಹೇಳುತ್ತ ಬಂದಿದ್ದೆ. ಕೊನೆಗೆ ಹೆಂಡತಿ ಸುಧಾ ಲೋಟ ಕೆಳಗಿಟ್ಟು, “ರೀ, ನಾವು ಇಡ್ತಿರೋದು ಗೊಂಬೆ. ನೀವ್ಯಾಕ್ರೀ ಯುದ್ಧಕ್ಕೆ ಹೊರಟವರ ಹಾಗೆ ಆಡ್ತಿದೀರ?” ಎಂದಳು.

ಏನು ಮಾಡಲಿ, ಚಿಂತೆ ಮಾಡುವುದು ನನಗೆ ಸ್ವಭಾವವೂ ಹೌದು, ನೌಕರಿಯೂ ಹೌದು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವನು. ಪಂಪುಗಳಿಗೆ ಹಾಕುವ ಬುಷ್ಷು, ಪಿನ್ನು, ವಾಷರುಗಳು ನನ್ನ ಮೇಜಿಗೆ ಬರುತ್ತವೆ. ಅಳೆದು, ತಿರುಗಿಸಿ, ಬೆಳಕಿಗೆ ಹಿಡಿದು, ಎಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದೆ ಎಂದು ಹುಡುಕಿ, ಸಿಕ್ಕರೆ ಕೆಂಪು ಬಣ್ಣ ಬಳಿದು ರಿಜೆಕ್ಟ್ ಡಬ್ಬಕ್ಕೆ ಎಸೆಯುವುದು ಕೆಲಸ. ಸಿಗದಿದ್ದರೆ ಇನ್ನೊಮ್ಮೆ ಹುಡುಕುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನೆಲ್ಲ ಅಮ್ಮನಿಗೆ ವಿವರಿಸಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡು, “ದಿನವಿಡೀ ತಪ್ಪು ಹುಡುಕೋದಕ್ಕೆ ಸಂಬಳ ಕೊಡ್ತಾರೇನೋ ಸೀನ? ನಮ್ಮನೇಲಿ ಮಕ್ಕಳು ಅದನ್ನ ಒಂದು ಹಿಡಿ ಉಸಲಿಗೆ ಮಾಡ್ತಾರೆ” ಎಂದಳು.

ಆ ಉಸಲಿಯ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಅಮ್ಮ ಪೀಣ್ಯಕ್ಕೆ ಬಂದದ್ದನ್ನು ಹೇಳಬೇಕು.

ಅಮ್ಮ ಮೈಸೂರಿನವಳು. ಮೈಸೂರಿನವರಿಗೆ ದಸರೆ ಎಂದರೆ ಹಬ್ಬವಲ್ಲ, ಹಕ್ಕು. ಮದುವೆಯಾಗಿ ಬರುವಾಗ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ-ರಾಣಿಯರ ಜೋಡಿಯನ್ನು, ಸೀರೆಯ ಮಡಿಕೆಯೊಳಗೆ ಸುತ್ತಿ ತಂದಿದ್ದಳು. ಅಪ್ಪ ಆಗ ಇಲ್ಲಿಯ ಒಂದು ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದರು. ನಮ್ಮ ಮನೆಯೂ ಶೆಡ್ಡಿನಂಥದೇ, ಮೇಲೆ ಶೀಟು. ಸುತ್ತ ರಾಗಿ ಹೊಲ, ಹೊಲಗಳ ನಡುನಡುವೆ ಕಾರ್ಖಾನೆ. ಮೊದಲ ನವರಾತ್ರಿಗೆ ಅಮ್ಮ ಟ್ರಂಕಿನ ಮೇಲೆ ಸೀಮೆಎಣ್ಣೆ ಡಬ್ಬವಿಟ್ಟು, ಅದಕ್ಕೆ ಅಪ್ಪನ ಬಿಳಿ ಪಂಚೆ ಹೊದಿಸಿ, ರಾಜ-ರಾಣಿಯರನ್ನು ಕೂರಿಸಿ, ಬಾಗಿಲು ತೆರೆದು ಜನರಿಗಾಗಿ ಕಾದಳಂತೆ. ಪಕ್ಕದ ಹೊಲದ ಒಡತಿ ಮುನಿಯಮ್ಮ ಬಂದು ಇಣುಕಿ ನೋಡಿ, “ಯಾರ್ದವ್ವಾ ಮದ್ವೆ? ಗಂಡು ಎಣ್ಣು ಬಿಟ್ರೆ ಒಬ್ರೂ ಬಂದಿಲ್ವಲ್ಲ!” ಎಂದರಂತೆ.

ಅಮ್ಮನಿಗೆ ನಾಚಿಕೆಯಾಯಿತು. ಆ ಮದುವೆಗೆ ಜನ ಸೇರಿಸುವುದಕ್ಕೆ ಅವಳು ಉಳಿದ ಆಯುಷ್ಯವನ್ನೆಲ್ಲ ತೆಗೆದುಕೊಂಡಳು.

ಅಂಗಡಿಯಿಂದ ಗೊಂಬೆ ತರುವ ಮನೆ ನಮ್ಮದಾಗಿರಲಿಲ್ಲ; ತರಬಹುದಾದ ಕಾಲ ಬಂದಾಗ ಅವಳಿಗೆ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ. ಹಳೆಯ ಪತ್ರಿಕೆಗಳನ್ನು ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಆ ಹಿಟ್ಟಿನಿಂದ ಮನುಷ್ಯರನ್ನು ಮಾಡುತ್ತಿದ್ದಳು. ಅದೇ ಒರಳಲ್ಲಿ ಮಾರನೆಯ ದಿನ ಇಡ್ಲಿಗೆ ರುಬ್ಬುತ್ತಿದ್ದಳು. ಎಷ್ಟು ತೊಳೆದರೂ ಒಂದು ವಾಸನೆ ಉಳಿಯುತ್ತಿತ್ತು. ಅಪ್ಪ ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, “ಸರೋಜ, ಇವತ್ತಿನ ಇಡ್ಲೀಲಿ ಏನು ವಿಶೇಷ ಸುದ್ದಿ?” ಎನ್ನುತ್ತಿದ್ದರು. “ಸುಮ್ನೆ ತಿನ್ರೀ, ಪೇಪರ್ ಓದೋ ಅಭ್ಯಾಸ ಹೇಗೂ ಇಲ್ಲ” ಎಂದು ಅಮ್ಮ ಇನ್ನೆರಡು ಬಡಿಸುತ್ತಿದ್ದಳು.

ಅಪ್ಪ ಮಾತು ಕಡಿಮೆಯ ಮನುಷ್ಯ. ಹೂವು ತಂದು ಕೊಟ್ಟದ್ದನ್ನು ನಾನು ನೋಡಿಲ್ಲ. ಆದರೆ ಸಂಜೆ ಬಂದು ಖಾಕಿ ಅಂಗಿಯ ಜೇಬು ಬರಿದು ಮಾಡುವಾಗ ಅದರಲ್ಲಿ ಏನಾದರೊಂದು ಇರುತ್ತಿತ್ತು. ಲೇತಿನಿಂದ ಸುರುಳಿ ಸುರುಳಿಯಾಗಿ ಹೊರಬರುವ ಉಕ್ಕಿನ ಎಳೆ, ತೂತು ಓರೆಯಾದ ವಾಷರು, ಬಳಸಿ ಬಿಟ್ಟ ಬೇರಿಂಗಿನ ಗುಂಡು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನೂ ಈಗ ಹಾಗೆಯೇ ಹಿಡಿದು ನೋಡುತ್ತೇನೆ. ವ್ಯತ್ಯಾಸವೆಂದರೆ ನಾನು ಅದು ಏನಾಗಲಿಲ್ಲ ಎಂದು ನೋಡುತ್ತೇನೆ, ಅವಳು ಏನಾದೀತು ಎಂದು ನೋಡುತ್ತಿದ್ದಳು. ಉಕ್ಕಿನ ಸುರುಳಿ ಜಲಪಾತವಾಯಿತು, ವಾಷರು ಎತ್ತಿನಗಾಡಿಯ ಚಕ್ರವಾಯಿತು. ಒಮ್ಮೆ ಅಪ್ಪನೇ ಊಟದ ವಿರಾಮದಲ್ಲಿ ಹಿತ್ತಾಳೆಯ ತುಂಡಿನಿಂದ ಹೆಬ್ಬೆರಳ ಉಗುರಿನಷ್ಟು ದೊಡ್ಡ ಕೊಳಗ, ಚೊಂಬು, ಬಟ್ಟಲುಗಳನ್ನು ಲೇತಿನಲ್ಲಿ ತಿರುವಿ ತಂದು ಕಿಟಕಿಯ ಮೇಲಿಟ್ಟರು. ಅಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತೆಗೆದುಕೊಂಡಳು. ಆ ಬಟ್ಟಲುಗಳಿಗಾಗಿಯೇ ಅವಳು ಶೆಟ್ಟಿ ದಂಪತಿಯ ಅಂಗಡಿ ಮಾಡಿದಳು. ಡೊಳ್ಳುಹೊಟ್ಟೆಯ ಶೆಟ್ಟಿ, ಮೂಗುತಿಯ ಶೆಟ್ಟಮ್ಮ, ಮುಂದೆ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಸಾಸಿವೆ, ಮೆಣಸು. ಪ್ರತಿ ಮನೆಯ ಗೊಂಬೆಯಲ್ಲೂ ಶೆಟ್ಟಿ ಇರುತ್ತಾನೆ. ಪಾತ್ರೆಯನ್ನು ಪೀಣ್ಯದಲ್ಲಿ ಮಾಡಿಸಿಕೊಂಡ ಶೆಟ್ಟಿ ನಮ್ಮವನೊಬ್ಬನೇ.

ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕೆಂಬುದು ನಿಯಮ. ಅಮ್ಮ ದೇವರುಗಳನ್ನು ಬೇಗ ಮುಗಿಸಿ ಬೀದಿಗೆ ಇಳಿದಳು. ಟೆಂಪೋ ಬಂತು, ಟೀ ಅಂಗಡಿ ಬಂತು, ಶಿಫ್ಟು ಮುಗಿಸಿ ಬರುವ ಹೆಣ್ಣುಮಕ್ಕಳ ಸಾಲು ಬಂತು. ತುಮಕೂರು ರಸ್ತೆಗೆ ಮೇಲ್ಸೇತುವೆ ಕಟ್ಟಲು ಶುರುವಾದಾಗ ಅಮ್ಮನೂ ರಟ್ಟಿನಲ್ಲಿ ಒಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಮುಂದಿನ ವರ್ಷವೂ ಅರ್ಧವೇ. ಕೇಳಿದರೆ, “ಅವರು ಮುಗಿಸ್ಲಿ, ನಾನೂ ಮುಗಿಸ್ತೀನಿ. ನಂಗೇನು ಅವಸರ?” ಆಮೇಲೆ ಟೂತ್‌ಪೇಸ್ಟ್ ಡಬ್ಬಗಳ ಮೆಟ್ರೋ ಬಂತು. ಅದರ ಕಿಟಕಿಯಲ್ಲಿ ಒಬ್ಬ ಮಾತ್ರ ಹೊರಗೆ ನೋಡುತ್ತಿದ್ದ, ಉಳಿದವರೆಲ್ಲ ತಲೆ ತಗ್ಗಿಸಿ ಕೈ ನೋಡಿಕೊಳ್ಳುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಗೊಂಬೆ ಇಡಲಿಲ್ಲ. ಅದರ ಮುಂದಿನ ವರ್ಷದ ಹೊಸ ಗೊಂಬೆ ಲೇತಿನ ಮುಂದೆ ನಿಂತ ಒಬ್ಬ ಟರ್ನರ್. ಹೊಲಿಗೆ ಯಂತ್ರದ ಬಾಬಿನ್ನಿನಿಂದ ಮಾಡಿದ ಆ ಲೇತ್ ದಾರ ಎಳೆದರೆ ನಿಜವಾಗಿ ತಿರುಗುತ್ತದೆ. ಅದನ್ನು ಅಮ್ಮ ಕೆಳಗಿನ ಮೆಟ್ಟಿಲಲ್ಲಿ, ಕೈಗೆ ಸಿಗುವಲ್ಲಿ ಇಟ್ಟಳು. ಆಯುಧಪೂಜೆಯ ದಿನ ಊರಿನ ಯಂತ್ರಗಳಿಗೆಲ್ಲ ಹಾರ ಬೀಳುವ ಹೊತ್ತಿಗೆ ಇದಕ್ಕೂ ಕುಂಕುಮವಿಟ್ಟು, ಒಂದು ತೊಟ್ಟು ಎಣ್ಣೆ ಬಿಟ್ಟಳು. “ವರ್ಷಕ್ಕೊಂದ್ಸಲ ಎಣ್ಣೆ ಬಿಡದಿದ್ರೆ ನಿಂತೋಗ್ತಾರೆ” ಎಂದಳು. ಇದಕ್ಕಿಂತ ಹೆಚ್ಚಿಗೆ ಅವಳು ಅಪ್ಪನ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಈಗ ಉಸಲಿಯ ಲೆಕ್ಕ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ವರ್ಷ ಅಮ್ಮನ ಗೊಂಬೆ ವಿಪರೀತ ಚೆನ್ನಾಗಿ ಬಂತು. ಪಟ್ಟಾಭಿಷೇಕದ ರಾಮ, ಸುತ್ತ ಅಯೋಧ್ಯೆ, ಅಯೋಧ್ಯೆಗೆ ಬುಷ್ಷುಗಳ ಕಂಬ. ನೋಡಲು ಬಂದ ಅಪ್ಪನ ಮಾಲೀಕರ ಹೆಂಡತಿ, “ಅಬ್ಬಾ, ಹುಡುಕಿದ್ರೂ ಒಂದು ತಪ್ಪಿಲ್ಲ!” ಎಂದರು. ಮಾರನೆಯ ಬೆಳಗ್ಗೆ ಮುನಿಯಮ್ಮನ ಬೆಕ್ಕು ಹಲ್ಲಿಯೊಂದರ ಬೆನ್ನು ಹತ್ತಿ ಮೇಲಿನ ಮೆಟ್ಟಿಲಿನಿಂದ ಕೆಳಗಿನವರೆಗೆ ಅಯೋಧ್ಯೆಯನ್ನು ಗುಡಿಸಿಹಾಕಿತು. ನನ್ನ ಪ್ರಕಾರ ಅದು ಬೆಕ್ಕಿನ ಕೆಲಸ, ಅಮ್ಮನ ಪ್ರಕಾರ ಆ ಹೆಂಗಸಿನ ಕಣ್ಣಿನದು. ಪೀಣ್ಯದಲ್ಲಿ ಈ ಮಾತಿಗೆ ಯಾರೂ ನಗುವುದಿಲ್ಲ. ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರಗಳಿರುವ ಕಾರ್ಖಾನೆಯ ಬಾಗಿಲಲ್ಲೂ ಇಲ್ಲಿ ಬೂದುಗುಂಬಳ ತೂಗುತ್ತಿರುತ್ತದೆ.

ಕೂಸಿಗೆ ಇಡುವಂತೆ ಗೊಂಬೆಗೂ ಒಂದು ದೃಷ್ಟಿಬೊಟ್ಟು ಬೇಕು ಎಂದು ಅಮ್ಮ ತೀರ್ಮಾನಿಸಿದಳು. ಆದರೆ ತಾನೇ ಬಣ್ಣ ಬಳಿದ ಕೆನ್ನೆಗೆ ಕಾಡಿಗೆ ಹಚ್ಚಲು ಮನಸ್ಸು ಬರಲಿಲ್ಲ. ಅದರ ಬದಲು, ಬೇಕೆಂದೇ, ದಿನಕ್ಕೊಂದು ತಪ್ಪು ಇಡತೊಡಗಿದಳು.

ಮಧ್ಯಾಹ್ನ ಊಟವಾದ ಮೇಲೆ ನಮ್ಮನ್ನೆಲ್ಲ ಆಚೆ ಕಳಿಸಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ತೆರೆದಾಗ ಎಲ್ಲೋ ಒಂದು ಕಡೆ ಲೋಕ ತಪ್ಪಿರುತ್ತಿತ್ತು. ಪೊಲೀಸನ ಕೈಯಲ್ಲಿ ಲಾಠಿಯ ಬದಲು ನುಗ್ಗೇಕಾಯಿ. ರಾವಣನಿಗೆ ಒಂದು ತಲೆ ಕಮ್ಮಿ. ಮೇಷ್ಟ್ರ ಕುರ್ಚಿಯಲ್ಲಿ ಕೋಳಿ. ಸಂಜೆ ಬೀದಿಯ ಮಕ್ಕಳೆಲ್ಲ ಬಂದು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು (ಮುಟ್ಟುವಂತಿಲ್ಲ) ಹುಡುಕಬೇಕು. ಗೊಂಬೆ ನೋಡಲು ಬಂದವರಿಗೆ ತಿನ್ನಲು ಏನಾದರೂ ಕೊಡುವುದು ಹೇಗೂ ಪದ್ಧತಿ. ತಪ್ಪು ಹುಡುಕಿದವರಿಗೆ ಅದು ಎರಡರಷ್ಟು. ಒಂದು ಸಲ ಒಬ್ಬ ಹುಡುಗ, “ಆಟೋ ರಾಂಗ್ ಸೈಡಲ್ಲಿ ಹೋಗ್ತಿದೆ, ಅದೇ ತಪ್ಪು” ಎಂದ. ಅಮ್ಮ, “ಅದು ತಪ್ಪಲ್ಲ ಕಣೋ, ಅದು ನಮ್ಮ ರೋಡು” ಎಂದಳು. ಮನೆಯವರಿಗೂ ಅವಳು ಮುಂಚಿತವಾಗಿ ಹೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಒಂದು ದಿನವೂ ತಪ್ಪು ಹುಡುಕಿ ಗೆಲ್ಲಲಿಲ್ಲ. ತಪ್ಪು ಹುಡುಕುವ ಮೊದಲೇ, ತಪ್ಪು ಸಿಗದಿದ್ದರೆ ಏನು ಗತಿ ಎಂದು ಚಿಂತಿಸುತ್ತ ನಿಂತಿರುತ್ತಿದ್ದೆ. “ಹುಟ್ಟೋವಾಗಲೇ ಹಣೆ ಸುಕ್ಕು ಮಾಡ್ಕೊಂಡು ಬಂದ ಮಗು ಇದು” ಎಂದು ಅಮ್ಮ ಬಂದವರಿಗೆ ನನ್ನನ್ನು ಪರಿಚಯಿಸುತ್ತಿದ್ದಳು.

ಇಂಥವನು ಬೆಳೆದು ಕ್ವಾಲಿಟಿಗೆ ಸೇರಿದ. ಅಪ್ಪನ ಜೇಬಿನ ಕೆಲಸ ನನ್ನ ಜೇಬಿಗೆ ಬಂತು. ರಿಜೆಕ್ಟ್ ಡಬ್ಬದಿಂದ ಎರಡು ವಾಷರು ತರಲೂ ಮಾಲೀಕರನ್ನು ಕೇಳುತ್ತಿದ್ದೆ. ಕೇಳಬಹುದೋ ಬಾರದೋ ಎಂದು ಅದಕ್ಕೆ ಮೊದಲು ಒಂದೆರಡು ದಿನ ಯೋಚಿಸುತ್ತಿದ್ದೆ. ನನ್ನ ಮಗಳು ಅನು ಸ್ಕೂಲಿನಲ್ಲಿದ್ದಾಗ ಸೌರಮಂಡಲ ಮಾಡಿಕೊಂಡು ಬರಲು ಹೇಳಿದ್ದರು. ಅಜ್ಜಿ, ಮೊಮ್ಮಗಳು ಸೇರಿ ಬೇರಿಂಗಿನ ಗುಂಡುಗಳಿಗೆ ಬಣ್ಣ ಹಚ್ಚಿ ಗ್ರಹಗಳನ್ನು ನೇತುಹಾಕಿದರು. ಶನಿಗೆ ಬಳೆಯಾಗಿ ಹಾಕಿದ ವಾಷರಿನ ಅಂಚಿನಲ್ಲಿ ನಾನೇ ಬಳಿದ ಕೆಂಪು ಗುರುತು ಕಾಣುತ್ತಿತ್ತು.

“ಅಮ್ಮ, ಇದು ರಿಜೆಕ್ಟ್ ಆದ ಪೀಸು. ಒಳಗಿನ ಅಳತೆ ಸರಿಯಿಲ್ಲ” ಎಂದೆ.

“ಶನಿಗೆ ಅಷ್ಟು ಸಾಕು ಬಿಡೋ” ಎಂದಳು ಅಮ್ಮ. ಅನು ಅಜ್ಜಿಯ ತೊಡೆಯ ಮೇಲೆ ಬಿದ್ದುಬಿದ್ದು ನಕ್ಕಳು.

ಅನು ಬೆಳೆದದ್ದೇ ಆ ತೊಡೆಯ ಮೇಲೆ. ಸುಧಾ ಬ್ಯಾಂಕಿಗೆ, ನಾನು ಕಾರ್ಖಾನೆಗೆ ಹೋದರೆ ಮನೆಯಲ್ಲಿ ಅವರಿಬ್ಬರೇ. ಮಗಳು ಅ-ಆ ಬರೆಯುವುದಕ್ಕೆ ಮೊದಲು ಗೊಂಬೆಗೆ ಹುಬ್ಬು ಬರೆಯುವುದನ್ನು ಕಲಿತಳು. ಅಮ್ಮ ಅವಳಿಗೆ ಜ್ವರ ಬಂದರೆ ಜ್ವರದ ಗೊಂಬೆ ಮಾಡಿ ಅದಕ್ಕೂ ಔಷಧಿ ಕುಡಿಸುತ್ತಿದ್ದಳು. ಲೆಕ್ಕ ಬರದಿದ್ದರೆ ಲೆಕ್ಕದ ಮೇಷ್ಟ್ರ ಗೊಂಬೆ ಮಾಡಿ ಅದರ ಕೈಗೆ ತಪ್ಪು ಉತ್ತರ ಕೊಡುತ್ತಿದ್ದಳು. ಮುನಿಯಮ್ಮನ ರಾಗಿ ಹೊಲ ಅಷ್ಟು ಹೊತ್ತಿಗೆ ಬಾಡಿಗೆ ಕೋಣೆಗಳ ಸಾಲಾಗಿತ್ತು. ರಾಯಚೂರು, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಫ್ಯಾಕ್ಟರಿಗೆ ಬಂದವರು ಅಲ್ಲಿದ್ದರು. ಅವರ ಮಕ್ಕಳಿಗೂ ದಸರೆಯೆಂದರೆ ‘ಗೊಂಬಿ ಅಜ್ಜಿ ಮನಿ’ ಎಂದಾಯಿತು. ಹೊರಗಿನಿಂದ ಇವೆಲ್ಲ ನನಗೆ ಗೊತ್ತಿತ್ತು. ಆದರೆ ದಸರೆಯ ಹೊತ್ತು ಕಾರ್ಖಾನೆಯಲ್ಲಿ ಮಾಲು ಕಳಿಸುವ ಗಡಿಬಿಡಿ; ನಾನು ಮನೆಗೆ ಬರುವಾಗ ಮಕ್ಕಳು ಹೋಗಿ, ಚಾಪೆಯ ಮೇಲೆ ಚೆಲ್ಲಿದ ಕಡಲೆಕಾಳು ಮಾತ್ರ ಇರುತ್ತಿತ್ತು. ಎಷ್ಟೋ ವರ್ಷಗಳಿಂದ ನಾನು ಆ ತಪ್ಪುಗಳಲ್ಲಿ ಒಂದನ್ನೂ ನೋಡಿರಲಿಲ್ಲ.

ಹೋದ ವರ್ಷ ಶಿವರಾತ್ರಿ ಕಳೆದು ಅಮ್ಮ ಹೋದಳು. ಸಣ್ಣ ಜ್ವರವೆಂದು ಮಲಗಿದವಳು ಏಳಲಿಲ್ಲ. ಇಂಥದಾಗಬಹುದೆಂದು ನಾನು ವರ್ಷಗಟ್ಟಲೆ ಚಿಂತಿಸಿದ್ದೆ, ಆದರೆ ಚಿಂತಿಸಿಟ್ಟದ್ದು ಆ ದಿನ ಒಂದು ಚೂರೂ ಉಪಯೋಗಕ್ಕೆ ಬರಲಿಲ್ಲ. ಆ ವರ್ಷ ಗೊಂಬೆ ಇಡುವಂತಿರಲಿಲ್ಲ. ಈ ವರ್ಷ ಶ್ರಾವಣದಲ್ಲಿ ಮೈಸೂರಿನಿಂದ ಸೋದರಮಾವನ ಮಗಳು ವಸಂತ ಫೋನು ಮಾಡಿದಳು. “ಸೀನ, ಅತ್ತೆ ಗೊಂಬೆಗಳನ್ನ ನಮಗೆ ಕೊಟ್ಬಿಡೋ. ಪಟ್ಟದ ಗೊಂಬೆ ಹೇಗೂ ಈ ಮನೆಯದೇ. ನಿಮ್ಮಲ್ಲಿ ಯಾರಿಗಿದೆ ಟೈಮು? ಅಟ್ಟದಲ್ಲಿ ಹಾಳಾಗೋದು ಬೇಡ.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇಲಿ, ಗೆದ್ದಲು, ತೇವ ಇವೆಲ್ಲ ನನ್ನ ತಲೆಯಲ್ಲಿ ಆಗಲೇ ಸಾಲುಗಟ್ಟಿದ್ದವು. ಆಗಲಿ ಎಂದುಬಿಟ್ಟೆ. ಪಿಯುಸಿ ಓದುವ ಅನು ಪುಸ್ತಕ ಮಡಿಚಿ ಎದ್ದು ಬಂದಳು.

“ಅಪ್ಪ, ಈ ವರ್ಷ ನಾನು ಇಡ್ತೀನಿ. ಮಕ್ಕಳು ಅಜ್ಜಿ ಇದ್ದಾಗ ಬಂದ ಹಾಗೆ ಬಂದು, ಮತ್ತೆ ಬರ್ತೀವಿ ಅಂದ್ರೆ ಗೊಂಬೆ ಇಲ್ಲೇ ಇರುತ್ತೆ. ಬರಲ್ಲ ಅಂದ್ರೆ ನಾನೇ ಪ್ಯಾಕ್ ಮಾಡಿ ಮೈಸೂರಿಗೆ ಕಳಿಸ್ತೀನಿ.”

“ಎಷ್ಟು ದಿನ ನೋಡೋದು?”

“ಮೊದಲನೇ ದಿನಾನೇ ಗೊತ್ತಾಗಿಹೋಗುತ್ತೆ.”

ಹೀಗೆ ಒಂದು ಸಂಜೆಯ ಮೇಲೆ ಎಲ್ಲವೂ ನಿಂತಿತು. ನನ್ನ ಪಟ್ಟಿ ಉದ್ದವಾದದ್ದು ಯಾಕೆಂದು ಈಗ ನಿಮಗೆ ಗೊತ್ತಾಗಿರಬೇಕು. ಗೊಂಬೆಗಳನ್ನು ಕೊಡುತ್ತೇನೆಂದು ಒಪ್ಪಿದವನೂ ನಾನೇ, ಕೊಡುವಂತಾಗಬಾರದೆಂದು ಬೆವರುತ್ತಿದ್ದವನೂ ನಾನೇ.

ಪೆಟ್ಟಿಗೆಗಳು ಇಳಿದವು. ಇಲಿ ಬಂದಿರಲಿಲ್ಲ. ಅಮ್ಮ ಪ್ರತಿ ಗೊಂಬೆಗೂ ಬೇವಿನೆಲೆಯ ಪುಡಿಯ ಗಂಟು ಕಟ್ಟಿ ಇಟ್ಟಿದ್ದಳು. ಕೊನೆಯ ಪೆಟ್ಟಿಗೆಯ ತಳದಲ್ಲಿ ಬಣ್ಣ ಕಾಣದ ಒಂದು ಬೂದು ಗೊಂಬೆ ಸಿಕ್ಕಿತು. ತೆಳ್ಳನೆಯ ಗಂಡಸು, ಒಂದು ಕೈಯನ್ನು ಕಣ್ಣಿನ ಹತ್ತಿರ ಹಿಡಿದು ಏನನ್ನೋ ನೋಡುತ್ತ ಬಗ್ಗಿದ್ದಾನೆ. ಹಣೆಯ ಮೇಲೆ ಅಮ್ಮ ಉಗುರಿನಿಂದ ಒತ್ತಿದ ಗೆರೆಗಳು.

“ಅಪ್ಪ, ಇದು ನೀನೇ” ಎಂದಳು ಅನು.

“ಯಾರೋ ಅಕ್ಕಸಾಲಿಗ ಇರಬೇಕು” ಎಂದೆ.

ಸುಧಾ ಗೊಂಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಒಳಗಿನಿಂದ ನಗುವ ಸದ್ದು ಬಂತು. ಅನು ಅದಕ್ಕೆ ನನ್ನ ಹಳೆಯ ನೀಲಿ ಅಂಗಿಯ ಬಣ್ಣವನ್ನೇ ಬಳಿದು, ವರ್ಷದ ಹೊಸ ಗೊಂಬೆಯೆಂದು ಶೆಟ್ಟಿಯ ಅಂಗಡಿಯ ಮುಂದೆ ಗಿರಾಕಿಯಾಗಿ ನಿಲ್ಲಿಸಿದಳು.

ಉಳಿದದ್ದನ್ನೆಲ್ಲ ಫೋಟೋ ನೋಡಿ ಜೋಡಿಸಿದಳು. ಅಮ್ಮ ಇಟ್ಟ ಕೊನೆಯ ಗೊಂಬೆಯನ್ನು ಅವಳು ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೆಗೆದುಕೊಂಡಿದ್ದಳು. ಜಲಪಾತ ಇಲ್ಲಿ, ಮೆಟ್ರೋ ಅಲ್ಲಿ, ಲೇತಿನ ಅಪ್ಪ ಕೆಳಗೆ ಕೈಗೆ ಸಿಗುವಂತೆ. ಪಾಡ್ಯದ ದಿನ ನಾನು ಅರ್ಧ ರಜೆ ಹಾಕಿ ಬಂದೆ. ಮಕ್ಕಳು ಬರುವ ಮುಂಚೆ ಒಂದು ಫೈನಲ್ ಇನ್ಸ್‌ಪೆಕ್ಷನ್ ಆಗಬೇಕಲ್ಲ. ಕನ್ನಡಕ ಒರೆಸಿ ಮೇಲಿನಿಂದ ಶುರುಮಾಡಿದೆ. ರಾಜ ಸರಿ, ರಾಣಿ ಸರಿ, ಮೂಗು ಸರಿ. ಒಂದು ಗಾಡಿಯ ಚಕ್ರ ಸಡಿಲವಿತ್ತು, ಬಿಗಿದೆ. ಶೆಟ್ಟಿಯ ಅಂಗಡಿಗೆ ಬಂದಾಗ ನಿಂತೆ. ಅಕ್ಕಿ, ಬೇಳೆ, ಸಾಸಿವೆ. ಕೊನೆಯ ಬಟ್ಟಲಲ್ಲಿ ಫಳಫಳ ಹೊಳೆಯುವ ಬೇರಿಂಗಿನ ಗುಂಡುಗಳು.

“ಅನು, ಇದೇನೇ? ದಿನಸಿ ಅಂಗಡೀಲಿ ಬೇರಿಂಗ್ ಮಾರ್ತಾರಾ?”

“ಫೋಟೋದಲ್ಲಿ ಹಾಗೇ ಇದೆ ಅಪ್ಪ. ನೋಡು.”

ನೋಡಿದೆ. ಹಾಗೇ ಇತ್ತು. ಅನು ಬಗ್ಗಿ ನೋಡಿ, “ಅಜ್ಜಿ ಯಾಕೆ ಇಟ್ಟಳೋ...” ಎಂದಳು.

“ಕೊನೇ ವರ್ಷ ಅಜ್ಜಿ ಕಣ್ಣಿಗೆ ಪೊರೆ ಬಂದಿತ್ತಲ್ಲ. ಮೆಣಸು ಅಂದ್ಕೊಂಡು ಹಾಕಿರ್ತಾಳೆ ಪಾಪ” ಎಂದೆ. ಅಡಿಗೆಮನೆಯಿಂದ ಒಂದು ಚಿಟಿಕೆ ಕರಿಮೆಣಸು ತಂದು, ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ಬಟ್ಟಲು ತುಂಬಿದೆ. ಅಮ್ಮನ ಒಂದು ಸಣ್ಣ ತಪ್ಪನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿದೆನಲ್ಲ ಎಂದು ಎದೆ ತುಂಬಿ ಬಂತು. ಅಳಬಹುದಾಗಿದ್ದ ಜಾಗ ಅದೊಂದೇ, ದಾಟಿಕೊಂಡೆ.

ಮೊದಲು ಬಂದವರು ಮುನಿಯಮ್ಮ. ಈಗ ಕೋಲು ಹಿಡಿದು ನಡೆಯುತ್ತಾರೆ. ಮೆಟ್ಟಿಲುಗಳ ಮುಂದೆ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಚೆಂದಾಗ್ ಮಡಗಿದ್ದೀಯ ಕಣವ್ವಾ” ಎಂದರು ಅನುವಿಗೆ. “ಎಲ್ಲಾ ನಿಮ್ಮಜ್ಜಿ ಮಡಗ್ದಂಗೇ ಐತೆ.” ಮತ್ತೆ ನೋಡಿದರು. “ಆದ್ರೂ ಏನೋ ಒಂದ್ ಕಮ್ಮಿ ಐತೆ ಕಣ್ಲಾ ಸೀನ. ಏನು ಅಂತ ಯೋಳಕ್ ಬರಾಕಿಲ್ಲ.”

“ಅಮ್ಮ ಇಲ್ವಲ್ಲ ಮುನಿಯಮ್ಮ, ಅದಕ್ಕೆ ಹಾಗನ್ಸುತ್ತೆ” ಎಂದೆ.

“ಅದು ನಂಗೊತ್ತಿಲ್ವೇನ್ಲಾ? ನಾನೇನ್ ಮರ್ತಿದ್ದೀನಾ? ಅದಲ್ಲ ಇದು, ಬ್ಯಾರೆ.”

ಹೊಸ ಚಿಂತೆಯೊಂದು ನನಗೆ ಹತ್ತಿತು. ಏನು ಕಮ್ಮಿ? ಮತ್ತೆ ಫೋಟೋಗಳನ್ನು ತಿರುವುತ್ತಿರುವಾಗ ಹೊರಗೆ ಚಪ್ಪಲಿಗಳ ಸದ್ದಾಯಿತು. ಮಕ್ಕಳು ಬಂದರು. ಒಬ್ಬಿಬ್ಬರಲ್ಲ, ಬಾಗಿಲು ತುಂಬ. ಅನುವಿನ ಮುಖ ನೋಡಿದೆ. ಸುಧಾಳ ಮುಖ ನೋಡಿದೆ. ಅಲ್ಲಿಗೆ ಮೈಸೂರಿಗೆ ಪಾರ್ಸಲ್ ಹೋಗುವುದು ತಪ್ಪಿತು ಎಂದುಕೊಂಡೆ. ಮಕ್ಕಳು ಯಾರೂ ಹೇಳದೆಯೇ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಾಗಿ ನಿಂತು, ಮೇಲಿನ ಮೆಟ್ಟಿಲಿನಿಂದ ನೋಡುತ್ತ ಬಂದರು. ನನ್ನ ಇನ್ಸ್‌ಪೆಕ್ಷನ್ನಿಗಿಂತ ನಿಧಾನವಾಗಿ ನೋಡಿದರು. ಯಾಕೆ ಹಾಗೆ ನೋಡುತ್ತಿದ್ದಾರೆಂದು ನನಗೆ ಆಗಲೂ ಹೊಳೆಯಲಿಲ್ಲ.

“ಮೆಟ್ರೋಲಿ ಒಬ್ಬ ಹೊರಗೆ ನೋಡ್ತಿದಾನೆ ಮಗಾ. ಅದೇ ಕಣೋ” ಎಂದ ಒಬ್ಬ.

“ಲೇ, ಅವ್ನು ಯಾವಾಗ್ಲೂ ಹೊರಗೇ ನೋಡೋದು” ಎಂದ ಅವನ ಪಕ್ಕದ ಚೇತು.

“ಆಟೋ?”

“ಆಟೋ ಲೆಕ್ಕಕ್ಕಿಲ್ಲ.”

ಮುನಿಯಮ್ಮನ ಕೋಣೆಗಳ ಸಾಲಿನಲ್ಲಿರುವ ರೇಣುಕಾ ಎಂಬ ಹುಡುಗಿ, ಕೊಪ್ಪಳದ ಕಡೆಯವಳು, ಶೆಟ್ಟಿಯ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹೊಸ ಗಿರಾಕಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಈ ಗೊಂಬಿ ಹಣಿ ಮ್ಯಾಲ ಗೆರಿ ಅದಾವ. ಇದ ತಪ್ಪೇನ್ರೀ?”

ಮಕ್ಕಳೆಲ್ಲ ಗೊಂಬೆಯನ್ನು ನೋಡಿದರು. ಆಮೇಲೆ ಎಲ್ಲರೂ ತಿರುಗಿ ನನ್ನನ್ನು ನೋಡಿದರು.

“ಇಲ್ಲ, ಸರಿಯಾಗೇ ಇದೆ” ಎಂದ ಚೇತು.

ರೇಣುಕಾ ಒಪ್ಪಿ ತಲೆಯಾಡಿಸಿ ಬಟ್ಟಲುಗಳ ಕಡೆ ಬಗ್ಗಿದಳು. ಕೊನೆಯ ಬಟ್ಟಲಿನ ಹತ್ತಿರ ಮೂಗು ಒಯ್ದು ಮೂಸಿದಳು.

“ಅಂಕಲ್, ತಪ್ಪ ಎಲ್ಲೈತ್ರಿ? ಅಜ್ಜಿ ಇದ್ದಾಗ ಇದರಾಗ ಬೇರಿಂಗಿನ ಗುಂಡು ಹಾಕಿದ್ರು. ನಾನ ಹುಡುಕಿದ್ದೆ, ನನಗ ಎರಡ ಸಲ ಉಸಲಿ ಕೊಟ್ಟಿದ್ರು. ಈಗ ಖರೇನ ಮೆಣಸ ಐತಿ.”

ಅನು ನನ್ನ ಕಡೆ ತಿರುಗಿದಳು. ನಾನು ಜೇಬಿನ ಕಡೆ ಕೈ ಒಯ್ದೆ. ಗುಂಡುಗಳು ಅಲ್ಲೇ ಇದ್ದವು. ಅಮ್ಮನ ಕಣ್ಣಿನ ಪೊರೆಗೂ ಇವಕ್ಕೂ ಯಾವ ಸಂಬಂಧವೂ ಇರಲಿಲ್ಲ.

“ಅಯ್ಯೋ ಅಪ್ಪ, ತಪ್ಪು!” ಎಂದಳು ಅನು. “ನಂಗೂ ನೆನಪೇ ಆಗ್ಲಿಲ್ವಲ್ಲ. ಯಾವಾಗ್ಲೂ ಅಜ್ಜೀನೇ ಇಟ್ಟಿರ್ತಿದ್ಲು...”

ಅಷ್ಟೇ. ತಪ್ಪು ಇಡುವುದು ನಮ್ಮಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ನಮಗೆ ತಿಳಿಯದೆಯೇ ಫೋಟೋದಿಂದ ಇಳಿದು ಬಂದ ಅಮ್ಮನ ಒಂದೇ ಒಂದು ದೃಷ್ಟಿಬೊಟ್ಟನ್ನು ನಾನು, ಕನ್ನಡಕ ಒರೆಸಿಕೊಂಡು, ಒರೆಸಿಹಾಕಿದ್ದೆ.

“ಅದೇ ಯೋಳಿದ್ನಲ್ಲಾ, ಏನೋ ಕಮ್ಮಿ ಐತೆ ಅಂತ!” ಎಂದು ಮುನಿಯಮ್ಮ ಕುರ್ಚಿಯಿಂದಲೇ ಕೋಲು ಕುಟ್ಟಿದರು. “ಎಲ್ಲಾ ಸರ್ಯಾಗ್ ಮಡಗ್ಬುಟ್ಟವ್ನೆ ಇವ್ನು!”

ಮಕ್ಕಳು ಉಸಲಿಯನ್ನು ತಿಂದರು. ಉಪ್ಪು ಸರಿಯಾಗಿತ್ತು. ಆದರೆ ಎಲ್ಲರಿಗೂ ಒಂದೊಂದೇ ಹಿಡಿ. ಎರಡನೆಯದಕ್ಕೆ ಯಾರಿಗೂ ಹಕ್ಕಿರಲಿಲ್ಲ. “ಈ ಸಲ ತಪ್ಪೇ ಇಲ್ವಂತೆ ಗುರು, ಬಾ” ಎಂದು ಚೇತು ಚಪ್ಪಲಿ ಹುಡುಕಿದ. ಎಲ್ಲರೂ ಹೊರಟರು. ರೇಣುಕಾ ಮಾತ್ರ ಹೊಸಿಲ ಮೇಲೆ ನಿಂತು, ಅನುವಿಗೆ ಬೆರಳು ತೋರಿಸಿ, “ಅಕ್ಕಾ, ನಾಳೆ ಮತ್ತ ಬರ್ತೀವ್ರಿ. ನಾಳೆ ತಪ್ಪ ಮರೀದಂಗ ಇಡ್ರಿ. ಸಸಾರ ಇಡಬ್ಯಾಡ್ರಿ, ಹುಡುಕಾಕ ಬಿಗಿ ಇರ್ಲಿ” ಎಂದು ಹೇಳಿ ಓಡಿದಳು.

“ವಸಂತಂಗೆ ಏನ್ ಹೇಳ್ಲಿ?” ಎಂದು ಸುಧಾ ಕೇಳಿದಳು.

“ನಾಳೆ ಸಂಜೆಗೆ ಡೆಲಿವರಿ ಇದೆ, ಆಗಲ್ಲ ಅಂತ ಹೇಳಮ್ಮ” ಎಂದಳು ಅನು. ನನ್ನ ಮುಂದೆ ಕೈ ಚಾಚಿದಳು. ಗುಂಡುಗಳನ್ನು ಕೊಟ್ಟೆ. ನಮ್ಮಿಬ್ಬರನ್ನೂ ಆಚೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡಳು.

ಏಣಿ ಜಾರಲಿಲ್ಲ, ಇಲಿ ತಿನ್ನಲಿಲ್ಲ, ವೈರು ಸುಡಲಿಲ್ಲ. ಆದದ್ದು ಇಷ್ಟೇ: ನಾನೇ ಅಳೆದು, ತಿರುಗಿಸಿ, ಬೆಳಕಿಗೆ ಹಿಡಿದು ಪಾಸು ಮಾಡಿದ ಮಾಲು, ಒಂದೂ ತಪ್ಪಿಲ್ಲವೆಂಬ ಕಾರಣಕ್ಕೆ ವಾಪಸ್ ಬಂತು.